ನಿನ್ನ ಪಾಲಿನ ಅಧ್ಯಾಯಗಳು

ಕತ್ತರಿ,

ಹೊಲಿಗೆ ಅಂಗಡಿಯಲ್ಲಿ ನಿನಗೆ ಈ ಹೆಸರು ಇಟ್ಟವಳು ನಾನೇ. ನೀನು ಬಟ್ಟೆಗಿಂತ ಚೆನ್ನಾಗಿ ಮಾತನ್ನು ಕತ್ತರಿಸುತ್ತಿದ್ದೆ.

ಹೋದ ವಾರ ಲೈಬ್ರರಿಯಲ್ಲಿ ನಮ್ಮ ಆ ದಪ್ಪ ಕಾದಂಬರಿ ಮತ್ತೆ ಸಿಕ್ಕಿತು. ಒಂಬತ್ತು ವರ್ಷದ ಹಿಂದೆ, ವಾರದೊಳಗೆ ಮುಗಿಯಲೆಂದು ಅದನ್ನು ಪಾಲು ಮಾಡಿಕೊಂಡಿದ್ದೆವಲ್ಲ. ಮೇಲೆ ನರ್ಸಿನ ಹೆಸರಿದ್ದ ಅಧ್ಯಾಯಗಳು ನಿನಗೆ, ಲಾರಿ ಡ್ರೈವರನ ಹೆಸರಿದ್ದವು ನನಗೆ. ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಕಥೆ ಹೇಳಬೇಕು. ಐದನೆಯ ದಿನ ನೀನು, "ನಿನ್ನ ಡ್ರೈವರ್ ನಮ್ಮ ಹುಡುಗಿಗೆ ಕೈ ಕೊಟ್ಟ ಕಣೇ" ಅಂದೆ.

"ನಿಮ್ಮ ಹುಡುಗಿ ಏನು ಕಮ್ಮಿನಾ? ಮೂರು ಕಾಗದ ಬರೆದ, ಒಂದಕ್ಕೂ ಉತ್ತರ ಇಲ್ಲ" ಅಂದೆ ನಾನು.

ಮಾತು ಕಾದಂಬರಿ ಬಿಟ್ಟು ನಮ್ಮಿಬ್ಬರ ಗಂಡಂದಿರವರೆಗೂ ಹೋಯಿತು. ಮರುವಾರ ನೀನು ಬೇರೆ ಅಂಗಡಿ ಸೇರಿದೆ.

ಇವತ್ತು ನಿನ್ನ ಪಾಲನ್ನೂ ಓದಿದೆ. ಆ ಕಾಗದಗಳು ನರ್ಸಿನ ಕೈ ಸೇರಲೇ ಇಲ್ಲ ಕಣೇ. ಅವಳ ಚಿಕ್ಕಮ್ಮ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ನಾವು ಜಗಳವಾಡಿದ ಜಾಗದಿಂದ ಬರೀ ಎರಡು ಅಧ್ಯಾಯ ಮುಂದೆ! ಮಿಷನ್ನಿನ ಮುಂದೆ ಒಬ್ಬಳೇ ನಕ್ಕೆ. ಅಳತೆ ಕೊಡಲು ಬಂದವರು ತಮ್ಮ ಸೊಂಟ ನೋಡಿಯೇ ನಕ್ಕೆನೆಂದು ಮುಖ ಊದಿಸಿಕೊಂಡರು.

ನಿನ್ನ ವಿಳಾಸ ಗೊತ್ತಿಲ್ಲ. ಈ ಕಾಗದ ನನ್ನ ಗುಂಡಿ ಡಬ್ಬಕ್ಕೆ ಹೋಗುತ್ತದೆ.

ಕೊನೆಯ ಅಧ್ಯಾಯಕ್ಕೆ ಮಾತ್ರ ಯಾರ ಹೆಸರೂ ಇಲ್ಲ. ಪಾಲು ಮಾಡುವಾಗ ಅದು ಯಾರಿಗೆಂದು ಕೇಳಿದ್ದಕ್ಕೆ ನೀನು, "ಅದನ್ನ ಇಬ್ರೂ ಕೂತು ಓದೋಣ" ಅಂದಿದ್ದೆ.

ಅದನ್ನಿನ್ನೂ ಓದಿಲ್ಲ. ಲೈಬ್ರರಿಯವರಲ್ಲಿ ಇನ್ನೊಂದು ವಾರ ಕೇಳಿಕೊಂಡು ಬಂದಿದ್ದೇನೆ.