ಎಂಬತ್ತೈದನೆಯ ನಿಮಿಷದ ಆಚೆ

ಗಾಡಿಖಾನೆ ಮೈದಾನ, ಹುಬ್ಬಳ್ಳಿ
ಫೆಬ್ರವರಿ ೩೧, ೨೧೪೩, ಭಾನುವಾರ ಸಂಜೆ

ಮೈದಾನಕ್ಕೆ ಸ್ವಂತ ಕಾಲಿನಲ್ಲಿ ನಡೆದುಹೋಗಿ ಫುಟ್‌ಬಾಲ್ ನೋಡುವ ಹಿರಿಯರೇ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ, ನಿಮ್ಮ ಕಾಲದಿಂದ ನೂರು ವರ್ಷಕ್ಕೂ ಆಚೆ ಕೂತು ಬರೆಯುತ್ತಿದ್ದೇನೆ. ಮೇ ತಿಂಗಳು ಯಾರಿಗೂ ಬೇಡವಾದ್ದರಿಂದ ನಮ್ಮ ಹಿಂದಿನವರು ಅದರಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬಿಸಿಲು ಅದನ್ನು ಗಮನಿಸಲಿಲ್ಲ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಕನ್ನಡ ಮಾಧ್ಯಮದಲ್ಲಿ ಪದವಿ ಓದಿದ ನಮ್ಮ ತರಗತಿಯಲ್ಲಿ ಇದ್ದದ್ದೇ ಏಳು ಜನ. ಏಳರಲ್ಲಿ ಇಬ್ಬರು ಅಧ್ಯಾಪಕರು. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ, ನನಗಿನ್ನೂ ನಲವತ್ತಾರು; ಮೆಟ್ಟಿಲ ಮೇಲೆ ಕೂತು ಕಾಗದವನ್ನು ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಒಂದು ಗಂಟೆಯ ಹಿಂದೆ ಇಲ್ಲಿ ನಡೆದದ್ದನ್ನು ಹೇಳದೆ ಮನೆಗೆ ಹೋಗಲು ಮನಸ್ಸಿಲ್ಲ.

ನಾವು ಆಟ ನೋಡುವುದು ಒಂಟಿಗಣ್ಣಿನಲ್ಲಿ. ಹಣೆಗೆ ಕಟ್ಟಿಕೊಳ್ಳುವ ಬಿಲ್ಲೆ ಅದು. ಕಟ್ಟಿಕೊಂಡವನಿಗೆ ಜಗತ್ತಿನ ಯಾವ ಪಂದ್ಯವಾದರೂ ಎಲ್ಲಕ್ಕಿಂತ ಒಳ್ಳೆಯ ಜಾಗದಿಂದ ಕಾಣುತ್ತದೆ, ಮುಂದೆ ಯಾರ ತಲೆಯೂ ಅಡ್ಡ ಬರುವುದಿಲ್ಲ. ಬೇಸರದ ಭಾಗಗಳನ್ನೆಲ್ಲ ಕತ್ತರಿಸಿ ತೊಂಬತ್ತು ನಿಮಿಷದ ಆಟವನ್ನು ಮೂವತ್ತಕ್ಕೆ ಇಳಿಸಿ ಕೊಡುತ್ತಾರೆ. ಗೋಲು ಬಿದ್ದಾಗ ನಾವು ಅಡುಗೆಮನೆಯಲ್ಲಿ ಒಬ್ಬರೇ ಕೈ ಎತ್ತುತ್ತೇವೆ, ಆಮೇಲೆ ಇಳಿಸುತ್ತೇವೆ. ಗಾಡಿಖಾನೆ ಮೈದಾನದಲ್ಲಿ ಜನ ಕೂತು ಪಂದ್ಯ ನೋಡಿದ್ದು ೨೦೬೮ರಲ್ಲಿ, ಅದೇ ಕಡೆಯ ಸಲ. ಆಮೇಲೆ ಇಲ್ಲಿ ಹುಲ್ಲು ಬೆಳೆಯಿತು, ಹುಲ್ಲೂ ಹೋಯಿತು. ಹೋದ ವರ್ಷ ನಗರಸಭೆ ಇದನ್ನು ಉಪ್ಪುಬ್ಯಾಟರಿ ಮನೆ ಮಾಡಲು ಹೊರಟಿತು. ಊರಿನ ವಿದ್ಯುತ್ತನ್ನು ಉಪ್ಪಿನ ತೊಟ್ಟಿಗಳಲ್ಲಿ ಕೂಡಿಡುವ ಕಟ್ಟಡವದು. ನಾವು ಕೆಲವರು ತಕರಾರು ಎತ್ತಿದೆವು. ಜನ ಇನ್ನೂ ಒಟ್ಟಿಗೆ ಕೂತು ಆಟ ನೋಡಬಲ್ಲರೆಂದು ತೋರಿಸಿ ಎಂದರು ನಗರಸಭೆಯವರು. ಷರತ್ತು ಒಂದೇ: ಒಂದು ಪಂದ್ಯ, ಕೊನೆಯ ಸೀಟಿ ಊದಿದಾಗ ಮೆಟ್ಟಿಲುಗಳ ಮೇಲೆ ನಾನೂರು ಜನ ಕೂತಿರಬೇಕು. ಇದ್ದರೆ ಮೈದಾನ ನಮ್ಮದು. ಒಬ್ಬ ಕಡಿಮೆಯಾದರೂ ಉಪ್ಪಿನದು.

ಒಟ್ಟಿಗೆ ಕೂರುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿಮಗೆ. ಪಂದ್ಯದ ದಿನ ಸಂಜೆ ಆರರ ಕುಂದಗೋಳ ಬಸ್ಸಿನಲ್ಲಿ ಒಂದು ಪದ್ಧತಿ ಇತ್ತಂತೆ. ಬಸ್ಸು ತುಂಬುವವರೆಗೆ ಕಂಡಕ್ಟರ್ ಒಂದು ನೋಟ್‌ಬುಕ್ಕನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ, ಆಟ ನೋಡಿ ಬಂದವರು ಕಂಡದ್ದನ್ನೂ ತಮ್ಮ ಹಳೆಯ ಪಂದ್ಯಗಳ ನೆನಪನ್ನೂ ನಾಲ್ಕು ಸಾಲು ಬರೆಯುತ್ತಿದ್ದರು. ಕಂಡಕ್ಟರುಗಳು ಬದಲಾದರೂ ಪದ್ಧತಿ ಉಳಿಯಿತು. ಐವತ್ತು ವರ್ಷದ ಹನ್ನೊಂದು ನೋಟ್‌ಬುಕ್ಕುಗಳು ನಮ್ಮ ಕೈಗೆ ಸಿಕ್ಕವು. ಕೂರುವ ಕಲ್ಲು ಕಾದಿರುತ್ತದೆ, ಪೇಪರು ಹಾಸಬೇಕು, ಎದ್ದಾಗ ಸುದ್ದಿ ಚಡ್ಡಿಗೆ ಅಂಟಿರುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಸೌತೆಕಾಯಿಗೆ ಖಾರ ಹಚ್ಚಿಸಿಕೊಂಡವರು ಗೋಲು ಬಿದ್ದಾಗ ಕಣ್ಣುಜ್ಜಿಕೊಳ್ಳಬಾರದು ಎಂದು ಇನ್ನೊಬ್ಬರು. ಸೈಕಲ್ಲಿನ ಕ್ಯಾರಿಯರ್ ಮೇಲೆ ನಿಂತು ಗೋಡೆಯಾಚೆಯಿಂದ ಪುಕ್ಕಟೆ ನೋಡಿದವರಿದ್ದಾರೆ; ಅವರ ವಿವರಣೆ ಟಿಕೆಟ್ಟಿನವರದಕ್ಕಿಂತ ದೀರ್ಘವಾಗಿದೆ. ರೆಫ್ರಿಯನ್ನು ಬಯ್ಯುವವನು ಯಾವಾಗಲೂ ನಮ್ಮ ಹಿಂದಿನ ಸಾಲಿನಲ್ಲೇ ಇರುತ್ತಾನೆ ಎನ್ನುವುದರಲ್ಲಿ ಹನ್ನೊಂದು ನೋಟ್‌ಬುಕ್ಕುಗಳಿಗೂ ಒಮ್ಮತವಿದೆ.

ಇವುಗಳಿಂದ ನಾವು ಕೂಟಪಾಠ ತಯಾರಿಸಿದೆವು, ಅಂದರೆ ಗುಂಪಾಗುವ ಪಠ್ಯಕ್ರಮ. ನಾನೂರ ಹನ್ನೆರಡು ಜನ ಹೆಸರು ಕೊಟ್ಟರು. ಮೊದಲ ವಾರ ಬರೀ ಪಕ್ಕದವನ ಮೊಣಕೈಗೆ ಒಗ್ಗಿಕೊಳ್ಳುವ ಅಭ್ಯಾಸ. ಎರಡನೆಯ ವಾರ ಬೈಗುಳ. ಕೂಗು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರಾಸವಿಲ್ಲದೆ ನಾನು ಕಿರಾಣಿ ಚೀಟಿಯನ್ನೂ ಬರೆಯಲಾರೆ ಎಂಬುದು ಊರಿಗೆ ಗೊತ್ತಿದ್ದ ವಿಷಯ. ನಮ್ಮ ಮುಂಚೂಣಿ ಆಟಗಾರ ಕಲ್ಮೇಶಿಗೆ ಹೀಗೆ:

ಕಲ್ಮೇಶಿ ಕಾಲಿಗೆ ಬಂದರ ಚೆಂಡು
ಬೆಟಗೇರಿ ದಂಡು ಓಡಿತು ಕಂಡು.

ರೆಫ್ರಿಗೆ ಹೀಗೆ:

ರೆಫ್ರಿ ಸಾಹೇಬ್ರ, ಕಣ್ಣಿಗಿ ನೀರು ಹಾಕ್ರಿ
ಕಾಲಿಗಿ ಒದ್ದದ್ದು ಕಾಣಲಿಲ್ಲೇನ್ರಿ.

ಯಾವ ನಿಮಿಷಕ್ಕೆ ಏನು ಮಾಡಬೇಕೆಂದು ನೋಟ್‌ಬುಕ್ಕುಗಳ ಪ್ರಕಾರವೇ ಪಟ್ಟಿ ಹಾಕಿದೆವು. ಪಟ್ಟಿಯ ಕೊನೆಯ ಸಾಲು: ಎಂಬತ್ತೈದನೆಯ ನಿಮಿಷ, ಏಳುವುದು. ಯಾಕೆಂದರೆ ನೀವೆಲ್ಲರೂ, ತಪ್ಪದೆ, ಹಾಗೇ ಬರೆದಿದ್ದೀರಿ.

ಇವತ್ತು ನಾಲ್ಕು ಗಂಟೆಗೆ ಆಟ ಶುರುವಾಯಿತು. ಎದುರಾಳಿ ಬೆಟಗೇರಿ ಬಳಗ. ಹಿರಿಯರೇ, ಚೆಂಡಿಗೆ ಸದ್ದಿದೆ ಎಂದು ನೀವು ಯಾಕೆ ಬರೆಯಲಿಲ್ಲ? ಒದೆತ ಮೊದಲು ಕಣ್ಣಿಗೆ ಬೀಳುತ್ತದೆ, ಸದ್ದು ಆಮೇಲೆ ಹೊಟ್ಟೆಗೆ ಬರುತ್ತದೆ. ಮೊದಲ ಹತ್ತು ನಿಮಿಷ ನಾವು ಪರೀಕ್ಷೆಗೆ ಕೂತವರಂತೆ ಕೂತಿದ್ದೆವು. ಆಮೇಲೆ ಯಾರೋ ನನ್ನ ಹೆಗಲು ಹಿಡಿದು ಅಲುಗಾಡಿಸಿದರು. ನೋಡಿದರೆ ಅಪರಿಚಿತ, ಅವನಿಗೂ ತಾನು ಹಿಡಿದದ್ದು ಗೊತ್ತಿರಲಿಲ್ಲ. ಚೆಂಡು ಗೋಡೆಯಾಚೆ ಹಾರಿದಾಗ ಪಟ್ಟಿಯಲ್ಲಿದ್ದಂತೆ ಮೂವತ್ತು ಜನ ಹುಡುಕಲು ಓಡಿದರು, ಆರು ನಿಮಿಷಕ್ಕೆ ಹಿಂತಿರುಗಿದರು, ಚೆಂಡಿನ ಜತೆ ಒಂದು ಕೋಳಿಯೂ ಇತ್ತು. ಬೆಟಗೇರಿಯವರು ಒಂದು ಗೋಲು ಹೊಡೆದರು, ಕಲ್ಮೇಶಿ ಒಂದು ತೀರಿಸಿದ. ನಾನೂರು ಗಂಟಲುಗಳಲ್ಲಿ ನನ್ನ ಪ್ರಾಸ ಎದ್ದಾಗ ನನಗೆ ನನ್ನ ದನಿಯೇ ಕೇಳಿಸಲಿಲ್ಲ. ಅದು ಇಷ್ಟು ಸುಖವೆಂದು ಯಾವ ಒಂಟಿಗಣ್ಣೂ ತೋರಿಸಿರಲಿಲ್ಲ.

ಎಂಬತ್ತೈದನೆಯ ನಿಮಿಷಕ್ಕೆ ನಾವೆಲ್ಲ ಎದ್ದೆವು. ಎಷ್ಟು ಶಿಸ್ತಾಗಿ ಎದ್ದೆವೆಂದರೆ ನನಗೆ ಹೆಮ್ಮೆಯಾಯಿತು, ಕೊನೆಯ ಸೀಟಿಯ ಷರತ್ತು ಒಬ್ಬರಿಗೂ ನೆನಪಾಗಲಿಲ್ಲ. ಪೇಪರು ಮಡಚಿ, ಕಣ್ಣು ಮಾತ್ರ ಮೈದಾನದ ಕಡೆ ಇಟ್ಟು, ಸಾಲಾಗಿ ಗೇಟಿನತ್ತ ಹೊರಟೆವು. ಗೇಟಿನ ಪಕ್ಕದಲ್ಲಿ ನಗರಸಭೆಯ ಪರೀಕ್ಷಕಿ ದಾಕ್ಷಾಯಣಿ ಹಂಪಿಹೊಳಿ ಎಣಿಕೆಯ ಹಲಗೆ ಹಿಡಿದು ನಿಂತಿದ್ದರು.

"ಎಲ್ಲಿಗ್ರಿ ಗುಡಗೇರಿಯವರ?" ಎಂದು ನನ್ನನ್ನು ಕೇಳಿದರು.

"ಬಸ್ಸಿಗೆ," ಎಂದೆ.

"ಯಾವ ಬಸ್ಸು?"

ಹುಬ್ಬಳ್ಳಿಯಲ್ಲಿ ಬಸ್ಸು ನಿಂತು ನಲವತ್ತು ವರ್ಷವಾಗಿದೆ. ನಾನು ನಿಂತೆ. ನನ್ನ ಹಿಂದೆ ಉಳಿದವರೂ ನಿಂತರು.

"ನನಗೇನ್ರಿ, ನಾ ಎಣಿಸಾಕ ಬಂದಾಕಿ," ಎಂದು ಅವರು ಮೆಟ್ಟಿಲುಗಳತ್ತ ನೋಡಿ ಹಲಗೆಯ ಮೇಲೆ ಬರೆದುಕೊಂಡರು. "ಸದ್ಯಕ್ಕ ಒಬ್ಬಾಕಿ ಅದಾಳ."

ಆ ಒಬ್ಬಾಕೆ ಜೈನಾಬಿ ನದಾಫ. ೨೦೬೮ರ ಆ ಪಂದ್ಯ ನೋಡಿದವರಲ್ಲಿ ಬದುಕಿರುವವರು ಅವರೊಬ್ಬರೇ. ಆಗ ಹದಿನಾರು, ಈಗ ತೊಂಬತ್ತೊಂದು. ಹೆಸರು ಕೊಟ್ಟಿದ್ದರೂ ಪಾಠಕ್ಕೆ ಒಂದು ದಿನವೂ ಬಂದಿರಲಿಲ್ಲ, ಕೂರಾಕ ಏನ್ ಕಲೀಬೇಕೋ ಎಂದಿದ್ದರು. ನಾನು ಅವರ ಹತ್ತಿರ ಓಡಿದೆ. ಅವರು ಮೈದಾನದಿಂದ ಕಣ್ಣು ತೆಗೆಯಲಿಲ್ಲ.

"ಅಜ್ಜಿ, ನೀವೂ ಅವತ್ತು ಬಸ್ಸಿಗೆ ಎದ್ದಿರಲಿಲ್ಲೇನು?"

"ಎದ್ದಿದ್ದೆ. ಅದಕ್ಕ ಇವತ್ತು ಏಳಾಂಗಿಲ್ಲ," ಎಂದರು. "ಗೇಟ್ ದಾಟೂದಕ್ಕ ಹಿಂದ ಗದ್ದಲ ಆತು. ಗೋಲು. ಯಾರು ಹೊಡದ್ರು ಅಂತ ಬಸ್ಸಿನ್ಯಾಗ ಕೇಳಿದ್ನಿ. ಬಸ್ಸಿನ್ಯಾಗಿದ್ದವರೆಲ್ಲ ನನ್ನಂಗ ಎದ್ದು ಬಂದವರ, ಯಾರಿಗಿ ಗೊತ್ತು? ಎಪ್ಪತ್ತೈದು ವರ್ಷ ಆತು ಕೇಳಾಕತ್ತು. ನೀ ಬಾಜೂಕ ಸರಿಯಪಾ, ಮೂಲಿ ಕಾಣಂಗಿಲ್ಲ."

ಆಗ ನನಗೆ ಹೊಳೆಯಿತು. ನಮ್ಮ ಹನ್ನೊಂದು ನೋಟ್‌ಬುಕ್ಕುಗಳೂ ಬಸ್ಸಿನಲ್ಲಿ ಬರೆದವು. ಕೊನೆಯವರೆಗೆ ಕೂತವರು ಬಸ್ಸಿನಲ್ಲಿರಲಿಲ್ಲ, ಹಾಗಾಗಿ ಬರೆಯಲಿಲ್ಲ. ಐವತ್ತು ವರ್ಷದ ಫುಟ್‌ಬಾಲಿನಲ್ಲಿ ಎಂಬತ್ತೈದನೆಯ ನಿಮಿಷದ ಆಚೆ ಏನಿದೆ ಎಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿಲ್ಲ.

ನಾನು ಗೇಟಿನ ಕಡೆ ತಿರುಗಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಪ್ರಾಸ ಇರಲಿಲ್ಲವೆಂದು ಮಾತ್ರ ಗೊತ್ತು. ಹೋಗುವುದನ್ನು ಅಭ್ಯಾಸ ಮಾಡಿದ್ದೆವು, ಮರಳುವುದನ್ನು ಮಾಡಿರಲಿಲ್ಲ. ಗೇಟಿನಾಚೆ ಆಗಲೇ ನೂರು ಜನ, ಈಚೆ ಮುನ್ನೂರು, ನಡುವೆ ಒಬ್ಬರು ದಾಟುವಷ್ಟು ಸಂದು. ತಳ್ಳಾಟದಲ್ಲಿ ಚಪ್ಪಲಿಗಳು ಹೋದವು. ದೊಡ್ಡ ಗಡಿಯಾರ ತೊಂಬತ್ತು ತೋರಿಸಿದಾಗ ಅರ್ಧ ಮೆಟ್ಟಿಲು ಖಾಲಿ. ಮುಗಿಯಿತು ಎಂದು ನಾನು ತಲೆಯ ಮೇಲೆ ಕೈ ಹೊತ್ತೆ. ಸೀಟಿ ಊದಲಿಲ್ಲ. ರೆಫ್ರಿ ಆರು ಬೆರಳು ತೋರಿಸಿದ.

"ಆರು ಏನು ಬೇಕಂತ ಅವನಿಗಿ?" ಎಂದರು ಜೈನಾಬಿ.

ಗಾಬರಿಯಿಂದ ದಾಕ್ಷಾಯಣಿಯವರೇ ನಿಯಮದ ಪುಸ್ತಕ ತಿರುವಿದರು. ಚೆಂಡು ಹುಡುಕಲು ಕಳೆದ ಹೊತ್ತನ್ನು ಕೊನೆಯಲ್ಲಿ ಕೂಡಿಸಿ ಕೊಡುತ್ತಾರಂತೆ. ಒಂಟಿಗಣ್ಣು ಅದನ್ನೂ ಕತ್ತರಿಸಿಬಿಡುತ್ತದೆ; ಇಂಥದೊಂದು ದಯೆ ಈ ಆಟದೊಳಗೇ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಹೇಳಬೇಕಾದವರೆಲ್ಲ ಬಸ್ಸಿನಲ್ಲಿದ್ದರು. ಜನ ಬಂದರು. ಸಿಕ್ಕಲ್ಲಿ ಕೂತರು, ಒಬ್ಬರ ಮಡಿಲಲ್ಲಿ ಇನ್ನೊಬ್ಬರು, ಮೊಣಕೈಯ ಪಾಠವೆಲ್ಲ ಗಾಳಿಗೆ. ತೊಂಬತ್ತೈದನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡು ಯಾರದೋ ತಲೆಗೆ, ಅಲ್ಲಿಂದ ಕಂಬಕ್ಕೆ, ಅಲ್ಲಿಂದ ಕಲ್ಮೇಶಿಯ ಮೊಣಕಾಲಿಗೆ ಬಡಿದು ಬಲೆಗೆ ಬಿತ್ತು. ಅವನು ಆಗ ಬೇರೆ ಕಡೆ ನೋಡುತ್ತಿದ್ದ. ಆ ನಿಮಿಷಕ್ಕೆ ನಾನು ಕೂಗು ಬರೆದಿರಲಿಲ್ಲ. ಪದವಿಲ್ಲದ ಒಂದು ಸದ್ದು ಎದ್ದಿತು, ಅದಕ್ಕೆ ಪ್ರಾಸ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ಜೈನಾಬಿ ಎದ್ದು ನಿಂತಿದ್ದರು. "ಕಂಡೆ, ನಾ ಕಂಡೆ," ಎನ್ನುತ್ತಿದ್ದರು, ಯಾರಿಗೂ ಅಲ್ಲ.

ಸೀಟಿ ಊದಿದಾಗ ನಾವು ನಾನೂರ ಎಂಟು. ನಾಲ್ವರು ಬಸ್‌ಸ್ಟಾಪ್ ಹುಡುಕುತ್ತ ಹಳೇ ಊರಿನ ತನಕ ಹೋಗಿದ್ದರು. ದಾಕ್ಷಾಯಣಿಯವರು ಎರಡು ಸಲ ಎಣಿಸಿ ಸಹಿ ಹಾಕಿದರು, ಮುಂದಿನ ಪಂದ್ಯ ಯಾವಾಗ ಎಂದು ಕೇಳಿ ಹಲಗೆಯ ಹಿಂದೆ ಬರೆದುಕೊಂಡರು. ಮೈದಾನ ನಮಗೆ ಉಳಿಯಿತು.

ಈಗ ನನ್ನ ಕೋರಿಕೆ. ಕೊನೆಯವರೆಗೆ ಕೂತಿರಿ ಎಂದು ಉಪದೇಶ ಮಾಡಲು ನನಗೆ ಮುಖವಿಲ್ಲ, ನಿಮಗೆ ಬಸ್ಸಿದೆ. ಆದರೆ ಈ ಕಾಗದ ಹೇಗಾದರೂ ನಿಮ್ಮ ಕಾಲಕ್ಕೆ ತಲುಪಿದರೆ ಮಕ್ಕಳಿಗೆ ಕೊಡಿ, ಅವರು ಅವರ ಮಕ್ಕಳಿಗೆ ಕೊಡಲಿ. ೨೦೬೮ರ ಜನವರಿಯ ಎರಡನೆಯ ಭಾನುವಾರ, ಆ ಕಡೆಯ ಪಂದ್ಯದ ದಿನ, ಅವರಲ್ಲಿ ಯಾರಾದರೂ ಗಾಡಿಖಾನೆ ಮೈದಾನದಲ್ಲಿದ್ದರೆ, ಆ ಒಂದು ಸಂಜೆ ಬಸ್ಸು ತಪ್ಪಿಸಿಕೊಂಡು ಕೂತು, ಗೋಲು ಹೊಡೆದವರ ಹೆಸರನ್ನು ಮರುದಿನ ಕಂಡಕ್ಟರನ ನೋಟ್‌ಬುಕ್ಕಿನಲ್ಲಿ ಬರೆಯಲಿ. ಹನ್ನೊಂದನೆಯ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಇದೆ. ಅಲ್ಲಿ ಆ ಹೆಸರು ಮೂಡಿದೆಯೇ ಎಂದು ನಾಳೆಯಿಂದ ದಿನವೂ ಬೆಳಿಗ್ಗೆ ತೆರೆದು ನೋಡುತ್ತೇನೆ. ಅಜ್ಜಿಗೆ ತೊಂಬತ್ತೊಂದು, ದಯವಿಟ್ಟು ಬೇಗ.

ಇಂತಿ,
ಅಡಿವೆಪ್ಪ ಗುಡಗೇರಿ