ಹದಿನೈದು ನಿಮಿಷದ ಹುಡುಗಿ

ಮನೆ, ಮಾರ್ಚ್ ಹದಿನಾಲ್ಕು, ಶನಿವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಗಂಟಲು ಹೇಗಿದೆ? ಊರೂರು ತಿರುಗಿ ಮೈಕ್ ಹಿಡಿದು ಮಾತಾಡಿ ಮಾತಾಡಿ ಸ್ವರವೇ ಬಿದ್ದುಹೋಗಿದೆ ಎಂದು ಅಮ್ಮ ಹೇಳಿದಳು. ಬಿಸಿನೀರು ಕುಡಿ, ಎರಡು ದಿನ ಬಾಯಿ ಮುಚ್ಚಿಕೊಂಡಿರು. ಎರಡನೆಯದು ನಿನ್ನಿಂದ ಆಗದ ಕೆಲಸ, ಆದರೂ ಹೇಳುವುದು ತಂಗಿಯ ಧರ್ಮ. ಅಮ್ಮನ ಮಂಡಿನೋವು ಇಳಿದಿದೆ. ಮೆಟ್ಟಿಲು ಹತ್ತಿ ಬಂದು ನನ್ನ ಅಡುಗೆಮನೆಯ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿ ಹೋಗುವಷ್ಟು ಗೆಲುವಾಗಿದ್ದಾಳೆ. ಸಕ್ಕರೆ ಎಲ್ಲಿದೆಯೆಂದು ನಾವು ಇನ್ನೂ ಹುಡುಕುತ್ತಿದ್ದೇವೆ.

ಕುಶಲ ಮುಗಿಯಿತು, ಇನ್ನು ಜಗಳ. ಫೋನ್ ಮಾಡಿದರೆ ನೀನು "ಮೀಟಿಂಗಲ್ಲಿದೀನಿ ಕಣೇ" ಎಂದು ಇಟ್ಟುಬಿಡುತ್ತೀಯ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ, ಕೂಗಾಡಿ ಮುಖ್ಯವಾದದ್ದನ್ನೇ ಮರೆಯುತ್ತೇನೆ. ಅದಕ್ಕೇ ಈ ಕಾಗದ.

ನಿಮ್ಮ ಕಂಪನಿಯವರು ವಿಶ್ವವಿದ್ಯಾಲಯದ ಸಲಹೆಗಾರರಿಗೆಂದು ನಡೆಸುವ ತರಬೇತಿ ಕಳೆದ ವಾರ ನಮ್ಮಲ್ಲಿಗೂ ಬಂತು. ಪಾಠ ಬರೆದವಳು ನನ್ನ ಅಕ್ಕ ಎಂದು ಸಹೋದ್ಯೋಗಿಗಳ ಮುಂದೆಲ್ಲ ಜಂಬ ಕೊಚ್ಚಿಕೊಂಡು ನಾನು ಮೊದಲನೆಯ ಸಾಲಿನಲ್ಲೇ ಕೂತಿದ್ದೆ. ತರಬೇತಿಯೇ ಬೇಡ ಎನ್ನುವವಳಲ್ಲ ನಾನು. ಯಾವ ವಿಷಯ ತೆಗೆದುಕೊಳ್ಳಲಿ, ಯಾವುದನ್ನು ಬಿಡಲಿ, ಫೇಲಾದೆ ಮುಂದೇನು ಎಂದು ಕೇಳಿಕೊಂಡು ಬರುವ ಮಕ್ಕಳ ಜೊತೆ ಕೂತು ಮಾತಾಡುವುದೇ ನಮ್ಮ ಕೆಲಸ. ಅದನ್ನು ಹೇಗೆ ಮಾಡಬೇಕೆಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಬಿದ್ದು ಎದ್ದು ಕಲಿತವರು ನಾವೆಲ್ಲ. ಹಾಗಾಗಿ ಆಸೆಯಿಂದಲೇ ಹೋಗಿದ್ದೆ. ಹೋದರೆ, ಸಭಾಂಗಣದಲ್ಲಿ ಹಲ್ಲು ಕಟಕಟ ಎನ್ನುವಷ್ಟು ಎಸಿ. ತರಬೇತುದಾರನಿಗೆ ನೀನು ಬರೆದದ್ದೆಲ್ಲ ಗಿಣಿಪಾಠ. ನಾವು ಪ್ರಶ್ನೆ ಕೇಳಿದರೆ "ಅದು ಮುಂದಿನ ಸ್ಲೈಡಲ್ಲಿ ಬರುತ್ತೆ" ಎನ್ನುತ್ತಿದ್ದ. ಮುಂದಿನ ಸ್ಲೈಡಿನಲ್ಲಿ ಅದು ಬರುತ್ತಿರಲಿಲ್ಲ.

ಬಂದದ್ದು ನಾನು.

ಹೆಸರು ಹಾಕಿಲ್ಲವಲ್ಲ ಎಂದು ನೀನು ಹೇಳುತ್ತೀಯ, ಗೊತ್ತು. ಗಣಿತ ಓದುತ್ತಿರುವ ಎರಡನೇ ವರ್ಷದ ಹುಡುಗಿ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದುಬಂದವಳು, ಸಲಹೆಗಾರರ ಕೋಣೆಗೆ ಬಂದು ಹಾಸ್ಟೆಲ್ಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು "ಇದನ್ನ ಯಾರಿಗೆ ಕೊಡಬೇಕು" ಎಂದು ಕೇಳಿ ಅಳುತ್ತಾಳೆ. ಲೋಕದಲ್ಲಿ ಇಂಥವರು ಎಷ್ಟು ಜನ ಇದ್ದಾರಕ್ಕಾ? ಅದನ್ನು ನಾಟಕ ಮಾಡಿ ತೋರಿಸಿ ಎಂದ ಆ ಮಹಾರಾಯ. ನಮ್ಮ ವಿಭಾಗದ ದಪ್ಪ ಕನ್ನಡಕದವರು ಕರವಸ್ತ್ರ ಮುಖಕ್ಕೆ ಹಿಡಿದು ಹುಡುಗಿಯಂತೆ ಬಿಕ್ಕಿದರು. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕಂತೆ ಹಲ್ಲು ತೋರಿಸಿದೆ. ಮನೆಗೆ ಬಂದ ಮೇಲೆ ಮೈಯೆಲ್ಲ ಉರಿದುಹೋಯಿತು.

ಅವರು ನಕ್ಕದ್ದನ್ನಾದರೂ ನುಂಗಿಕೊಳ್ಳಬಹುದು. ಕೊನೆಯಲ್ಲಿ ನೀನು ಬರೆದದ್ದನ್ನು ಹೇಗೆ ನುಂಗಲಿ? ಸಲಹೆಗಾರರು ಮೂರು ದಾರಿ ತೋರಿಸುತ್ತಾರಂತೆ, ಹುಡುಗಿ ಸಂಖ್ಯಾಶಾಸ್ತ್ರ ಆರಿಸಿಕೊಂಡು ನಗುತ್ತಾ ಹೋಗುತ್ತಾಳಂತೆ. ಸಮಯ: ಹದಿನೈದು ನಿಮಿಷ. ಫಲಿತಾಂಶ: ಯಶಸ್ವಿ. ಅಕ್ಕಾ, ಆವತ್ತು ನನ್ನನ್ನು ಸಲಹೆಗಾರರ ಕೋಣೆಗೆ ಎಳೆದುಕೊಂಡು ಹೋದವಳು ನೀನು. ಬಾಗಿಲ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂತವಳು ನೀನು. ನಡುವೆ ಎರಡು ಸಲ ಇಣುಕಿ ನೋಡಿ ಬೈಸಿಕೊಂಡವಳೂ ನೀನೇ. ಒಳಗಿದ್ದ ಸಲಹೆಗಾರ ಮೇಡಂ ನನಗೆ ಒಂದು ದಾರಿಯನ್ನೂ ತೋರಿಸಲಿಲ್ಲ. ಬೀಗದ ಕೈಯನ್ನು ವಾಪಸ್ ನನ್ನ ಕಡೆಗೆ ಸರಿಸಿ, "ಅಳೋದು ಮುಗಿಸು, ನಂಗೇನೂ ಅವಸರ ಇಲ್ಲ" ಎಂದು ಹೇಳಿ, ತಮ್ಮ ಕಪಾಟಿನ ಪುಸ್ತಕಗಳ ಧೂಳು ಒರೆಸತೊಡಗಿದರು. ಸಂಖ್ಯಾಶಾಸ್ತ್ರದ ಮಾತು ಬಂದದ್ದು ಮರುವರ್ಷ, ನಾನು ಇನ್ನೊಂದು ಸಲ ಫೇಲಾದ ಮೇಲೆ. ಕಥೆಗೆ ಉಪ್ಪು ಖಾರ ಹಚ್ಚುವವರನ್ನು ನೋಡಿದ್ದೇನೆ. ನೀನು ಇದ್ದ ಉಪ್ಪನ್ನೂ ತೊಳೆದುಬಿಟ್ಟೆಯಲ್ಲ!

ನನ್ನ ಮಾನದ ಪ್ರಶ್ನೆ ಮಾತ್ರವಾಗಿದ್ದರೆ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ನಿರ್ದೇಶಕರಿಗೆ ಆ ಸ್ಲೈಡು ಭಾರೀ ಹಿಡಿಸಿಬಿಟ್ಟಿತು. "ಅಂಥ ಕೇಸೇ ಕಾಲು ಗಂಟೇಲಿ ಮುಗಿಯುತ್ತೆ ಅಂದ್ರೆ ಉಳಿದವಕ್ಕೆ ಇನ್ನೇನ್ರೀ" ಎಂದು ಸೋಮವಾರದಿಂದಲೇ ನಮ್ಮೆಲ್ಲರ ಮೇಜಿನ ಮೇಲೆ ಒಂದೊಂದು ಅಲಾರಂ ಗಂಟೆ ಇಡಿಸಿದರು. ಹದಿನೈದು ನಿಮಿಷಕ್ಕೆ ಅದು ತಾನಾಗಿಯೇ ಬಡಿದುಕೊಳ್ಳುತ್ತದೆ. ಈಗ ಪರೀಕ್ಷಾರ್ಥ, ಜೂನ್‌ನಿಂದ ಕಾಯಂ. ಗುರುವಾರ ಮೊದಲ ವರ್ಷದ ಒಬ್ಬ ಹುಡುಗಿ ಬಂದಳು. ಹಾಜರಾತಿ ಕಮ್ಮಿ ಎಂದಳು, ಬಸ್ಸು ಸಿಗುವುದಿಲ್ಲ ಎಂದಳು, ಆಮೇಲೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ಕೂತಳು. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಗೊತ್ತು. ಕೊನೆಗೆ ಅವಳು ಬಾಯಿ ತೆರೆದು "ಮೇಡಂ, ಅದು..." ಎನ್ನುವಷ್ಟರಲ್ಲಿ ದರಿದ್ರ ಗಂಟೆ ಹೊಡೆಯಿತು. "ಅಯ್ಯೋ, ಟೈಮ್ ಆಯ್ತು ಸಾರಿ" ಎಂದು ಅವಳೇ ಎದ್ದಳು. ಕೂತ್ಕೋ ಎಂದೆ, ಕೇಳಲಿಲ್ಲ. ಹಿಂದೆಯೇ ಓಡಿದೆ; ಕಾರಿಡಾರಿನ ಜನರಲ್ಲಿ ಕರಗಿಹೋಗಿದ್ದಳು. ನಿನ್ನೆ ತರಗತಿಗೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಊಟ ಸೇರುತ್ತಿಲ್ಲ ನನಗೆ. ಇನ್ನು ಸ್ವಲ್ಪ ಹೊತ್ತಿಗೆ ಅವಳ ಹಾಸ್ಟೆಲ್ಲಿಗೇ ಹೋಗುತ್ತೇನೆ. ದಾರಿಯಲ್ಲೇ ಇದನ್ನು ಅಂಚೆಗೆ ಹಾಕುತ್ತೇನೆ.

ಆ ಸ್ಲೈಡನ್ನು ತೆಗೆ. ತೆಗೆದರೆ ಸಾಲದು, ಅದು ಸುಳ್ಳು ಎಂದು ನಮ್ಮ ನಿರ್ದೇಶಕರಿಗೆ ನೀನೇ ಬರೆ. ಇನ್ನೊಂದು ವಾರಕ್ಕೆ ಎರಡನೇ ಸುತ್ತಿನ ತರಬೇತಿ ಇದೆ. ಅಷ್ಟರಲ್ಲಿ ನಿನ್ನ ಕಾಗದ ಬರದಿದ್ದರೆ ಆ ದಪ್ಪ ಕನ್ನಡಕದವರನ್ನು ಕೂರಿಸಿ ನಾನೇ ಎದ್ದು ನಿಲ್ಲುತ್ತೇನೆ. ಆ ಹುಡುಗಿ ನಾನು ಎನ್ನುತ್ತೇನೆ. ಆಮೇಲೆ ಮನೆತನದ ಮರ್ಯಾದೆ ಅದು ಇದು ಎಂದು ನನ್ನ ಹತ್ತಿರ ಬರಬೇಡ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ನನ್ನ ಪರವಾಗಿ ಒಂದೊಂದು ಮುತ್ತು. ಬೈದಿದ್ದೇನೆಂದು ಬಿಸಿನೀರು ಕುಡಿಯುವುದನ್ನು ಬಿಡಬೇಡ.

ನಿನ್ನ
ಮೊಂಡಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಬೀಗದ ಕೈಯ ವಿಷಯ ಬಿಟ್ಟರೆ ಆವತ್ತು ಒಳಗೆ ಇನ್ನೇನಾಯಿತೆಂದು ನೀನು ಎಷ್ಟು ಸಲ ಕೇಳಿದರೂ ನಾನು ಬಾಯಿ ಬಿಟ್ಟಿರಲಿಲ್ಲ. ದೀಪ ಹಾಕುವ ಹೊತ್ತಿಗೆ ಮೇಡಂ ಧೂಳಿನ ಬಟ್ಟೆ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ನಿಂಗೆ ಬೇಡ ಅನ್ಸಿರೋದು ಗಣಿತಾನಾ, ಬದುಕೋದಾ?" ಬದುಕೋದು, ಎಂದೆ. ಅದನ್ನು ಹೇಳಲು ನನಗೆ ಅಷ್ಟು ಹೊತ್ತು ಬೇಕಾಯಿತು ಅಕ್ಕಾ. ಹದಿನೈದನೇ ನಿಮಿಷಕ್ಕೆ ಗಂಟೆ ಹೊಡೆದಿದ್ದರೆ ನಾನೂ ಸಾರಿ ಹೇಳಿ ಎದ್ದು ಬರುತ್ತಿದ್ದೆ, ನೀನು ಇಷ್ಟು ಬೇಗ ಮುಗಿಯಿತಲ್ಲ ಎಂದು ಖುಷಿಪಡುತ್ತಿದ್ದೆ, ಮಾರನೆಯ ದಿನ ನಿನಗೆ ತಂಗಿ ಇರುತ್ತಿರಲಿಲ್ಲ.