ದೊಡ್ಡ ಸುತ್ತಿಗೆಗೆ ಬಾಯಿಲ್ಲ

ಫೆಬ್ರವರಿ 3

ಎಂಟಕ್ಕೆ ಕುಲುಮೆ ಹೊತ್ತಿಸಿದೆವು. ಬ್ಲೋವರ್ ಮತ್ತೆ ಕೆಮ್ಮುತ್ತಿದೆ. ಇದ್ದಿಲು ಎರಡೇ ಚೀಲ ಉಳಿದಿದೆ. ಹಿತ್ತಲ ಗೇಟಿನ ಚಿಲಕ ಮುಗಿಯಿತು. ಎತ್ತಿದರೆ ಟಕ್, ಬಿಟ್ಟರೆ ಟಕ್. ಚೆನ್ನಾಗಿದೆ.

ಹನ್ನೊಂದಕ್ಕೆ ಹಲ್ಲಿನ ಡಾಕ್ಟರಮ್ಮ ಬಂದರು. ಹಳೆಯ ಮನೆಯೊಂದನ್ನು ಕೊಂಡು ಕ್ಲಿನಿಕ್ ಮಾಡುತ್ತಿದ್ದಾರಂತೆ. ಮುಂಬಾಗಿಲು ಜೋಡಿಯದು. ಒಂದೊಂದಕ್ಕೆ ಮೂರರಂತೆ ಆರು ಕೀಲುಪಟ್ಟಿ ಬೇಕು. ಹಳೆಯದರಲ್ಲಿ ಉಳಿದಿರುವುದು ಒಂದೇ, ಅದನ್ನು ಮಾದರಿಗೆ ತಂದಿದ್ದರು. ಮೊಳದುದ್ದದ ಪಟ್ಟಿ. ಒಂದು ತುದಿ ಸುರುಳಿಯಾಗಿ ಚೌಕಟ್ಟಿನ ಗೂಟಕ್ಕೆ ಕೂರುತ್ತದೆ, ಇನ್ನೊಂದು ತುದಿಯಲ್ಲಿ ಹಕ್ಕಿಯ ತಲೆ. ಎಷ್ಟು ಚೆಂದದ ಹಕ್ಕಿ, ಕೊರಳೆತ್ತಿ ನೋಡುತ್ತದೆ. ಎಡದ ಮೂರು, ಬಲದ ಮೂರು ಬಾಗಿಲ ನಡುವೆ ಮುಖಾಮುಖಿ ಆಗಬೇಕು. ಇಪ್ಪತ್ತನೇ ತಾರೀಕು ಬಾಗಿಲು ಕೂರಿಸುತ್ತಾರೆ.

“ನಿಮ್ಮ ಜೊತೆ ಕೆಲಸಕ್ಕೆ ಯಾರಿದ್ದಾರೆ?” ಎಂದು ಡಾಕ್ಟರಮ್ಮ ಕೇಳಿದರು.

ನಮ್ಮವರು ಹೇಳಿದರು: “ಯಾರೂ ಇಲ್ಲ ಮೇಡಂ, ನಾನೊಬ್ಬನೇ. ಇವಳು ಸ್ವಲ್ಪ ಕೈ ಜೋಡಿಸ್ತಾಳೆ ಅಷ್ಟೇ.”

ಕೈ ಜೋಡಿಸ್ತಾಳೆ! ಹತ್ತೊಂಬತ್ತು ವರ್ಷದಿಂದ ದೊಡ್ಡ ಸುತ್ತಿಗೆ ಬೀಸುತ್ತಿರುವವಳು ನಾನು. ಅಷ್ಟೇ ಅಂತೆ.

ತೀರ್ಮಾನ ಮಾಡಿದೆ. ಮಾತು ಬಂದ್. ನಾನು ಮಾಡುವ ಕೆಲಸ ಏನೆಂದು ನಾಲ್ಕು ಜನರ ಮುಂದೆ ಅವರ ಬಾಯಲ್ಲೇ ಬರಬೇಕು. ಅಲ್ಲಿಯ ತನಕ ಹೇಳುವುದೆಲ್ಲ ಈ ನೋಟ್‌ಬುಕ್‌ಗೆ.

ಫೆಬ್ರವರಿ 4

ತಮಾಷೆ ಏನೆಂದರೆ, ಕುಲುಮೆಯಲ್ಲಿ ಮಾತು ಬೇಕಾಗಿಯೇ ಇಲ್ಲ. ಅವರು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ತಟ್ಟಿದ ಕಡೆ ನಾನು ದೊಡ್ಡದರಿಂದ ಬಡಿಯಬೇಕು. ಮೆತ್ತಗೆ ತಟ್ಟಿದರೆ ಮೆತ್ತಗೆ, ಜೋರಾದರೆ ಜೋರು. ಸಣ್ಣದನ್ನು ಅಡಿಗಲ್ಲಿನ ಮೇಲೆ ಮಲಗಿಸಿದರೆ ‘ನಿಲ್ಲಿಸು’. ಬರೀ ಅಡಿಗಲ್ಲಿಗೆ ಎರಡು ಏಟು ಕೊಟ್ಟರೆ ‘ಕಬ್ಬಿಣ ಕಾದಿದೆ, ಬಾ’. ಸಣ್ಣದು ಹೇಳುತ್ತದೆ, ದೊಡ್ಡದು ಕೇಳುತ್ತದೆ. ತಿರುಗಿ ಹೇಳಲು ದೊಡ್ಡದಕ್ಕೆ ಬಾಯಿಲ್ಲ.

ಹೀಗಾಗಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದು ಮಧ್ಯಾಹ್ನದವರೆಗೆ ಅವರಿಗೆ ಗೊತ್ತೇ ಆಗಲಿಲ್ಲ. ಊಟಕ್ಕೆ ಕೂತಾಗ, “ತಲೆನೋವಾ?” ಅಂದರು. ನಾನು ಲೋಟಕ್ಕೆ ನೀರು ಬಗ್ಗಿಸಿದೆ.

ಫೆಬ್ರವರಿ 6

ಈಗ ಅತ್ತೆಯೇ ನಮ್ಮ ಪೋಸ್ಟ್ ಆಫೀಸು.

“ಅತ್ತೆ, ಇದ್ದಿಲು ಮುಗೀತು ಅಂತ ನಿಮ್ಮ ಮಗನಿಗೆ ಹೇಳಿ.” ಮಗ ಅಲ್ಲೇ, ಕೈಯಳತೆಯಲ್ಲಿ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತ, “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀವು ಮೂರು ದಿನದಿಂದ ಉಂಡಿದ್ದೂ ಆಯ್ತು, ಮಲಗಿದ್ದೂ ಆಯ್ತು,” ಅಂದರು.

“ಮಾತು ಬೆಳ್ಳಿ, ಮೌನ ಬಂಗಾರ ಅತ್ತೆ.”

“ಇದು ಕಬ್ಬಿಣದ ಅಂಗಡಿ ಕಣೇ.”

ನಗು ಬಂತು. ಹಿತ್ತಲಿಗೆ ಹೋಗಿ ನಕ್ಕು ಬಂದೆ.

ಎರಡು ಹಕ್ಕಿ ಆದವು. ಕೊಕ್ಕು ಎಳೆದು, ಕೊರಳು ಬಗ್ಗಿಸಿ, ಕೊನೆಗೆ ಕಣ್ಣು. ಅವರು ಉಳಿ ಇಟ್ಟು ಹಿಡಿಯುತ್ತಾರೆ, ನನ್ನದು ಒಂದೇ ಏಟು. ಆ ಏಟಿಗೆ ಕಬ್ಬಿಣದ ತುಂಡು ಹಕ್ಕಿಯಾಗಿ ನಮ್ಮನ್ನೇ ನೋಡುತ್ತದೆ. ಮುಖ ಗಂಟು ಹಾಕಿಕೊಂಡೇ ಖುಷಿಪಟ್ಟೆ.

ಫೆಬ್ರವರಿ 9

ಎಡವಟ್ಟು.

ನಾಲ್ಕನೆಯ ಹಕ್ಕಿಯೂ ಅದೇ ಕಡೆ ನೋಡುತ್ತಿದೆ. ಮಾದರಿ ಎಡಬಾಗಿಲಿನದು. ಎಡಕ್ಕೆ ಮೂರಾದವು, ಇನ್ನು ಕೊರಳು ಆಚೆ ತಿರುಗಬೇಕಿತ್ತು. ಇವರು ಮಾದರಿ ನೋಡಿಕೊಂಡು ಹಾಗೇ ಮಾಡುತ್ತಿದ್ದಾರೆ.

ಯಾವಾಗಲೂ ಈ ಲೆಕ್ಕ ಇಡುವವಳು ನಾನು. “ಎಡ ಆಯ್ತು, ಇನ್ನು ಬಲ” ಎಂದು ಗುನುಗುತ್ತಿರುತ್ತೇನೆ. ಅದೂ ಒಂದು ಕೆಲಸ ಅಂತ ಇವತ್ತೇ ನನಗೂ ಹೊಳೆದಿದ್ದು.

ದೊಡ್ಡ ಸುತ್ತಿಗೆ ಇಳಿಸಿ ಸುಮ್ಮನೆ ನಿಂತೆ. ಅವರು ತಲೆ ಎತ್ತಿ ನೋಡಿದರು. ಕೋಪ ಇನ್ನೂ ಇಳಿದಿಲ್ಲ ಅಂದುಕೊಂಡಿರಬೇಕು, ಮತ್ತೆ ತಟ್ಟಿದರು. ಕಬ್ಬಿಣ ಆರುತ್ತಿತ್ತು. ಬಡಿದೆ.

ಹೇಳಬಹುದಿತ್ತು. ಹೇಳಲಿಲ್ಲ.

ಫೆಬ್ರವರಿ 10

ಐದನೆಯದೂ ಅದೇ ಕಡೆ. ಊಟ ಸೇರುತ್ತಿಲ್ಲ. ಸುಳ್ಳು, ಸೇರಿತು, ಎರಡನೇ ಸಲ ಬಡಿಸಿಕೊಂಡೆ. ಆದರೂ...

ಫೆಬ್ರವರಿ 16

ಡಾಕ್ಟರಮ್ಮ ಬಂದು ಆರನ್ನೂ ನೆಲದ ಮೇಲೆ ಬಾಗಿಲಿನ ಹಾಗೆ ಜೋಡಿಸಿದರು. ಎಡಗಡೆ ಮೂರು ಸರಿಯಾಗಿ ಕೂತವು. ಬಲಗಡೆಯವು ತಲೆಕೆಳಗಾದವು. ಮಗುಚಿ ಹಾಕಿದರೆ ಕಣ್ಣು ಮರದ ಒಳಕ್ಕೆ.

“ಇದೇನ್ರೀ, ಈ ಕಡೆ ಹಕ್ಕಿ, ಆ ಕಡೆ ಬಾವಲಿ.” ಪಾಪ, ನಗುತ್ತಲೇ ಅಂದರು. “ಮೇಲಿನ ಹಲ್ಲನ್ನ ಕೆಳಗಿನ ದವಡೆಗೆ ಕೂರಿಸಿದ ಹಾಗಾಯ್ತು. ಇಪ್ಪತ್ತಕ್ಕೆ ಬಡಗಿ ಬರ್ತಾನೆ. ಆಗುತ್ತಾ?”

“ಆಗುತ್ತೆ ಮೇಡಂ,” ಅಂದರು ಇವರು. ಮುಖ ಬೂದಿಯಾಗಿತ್ತು.

ಡಾಕ್ಟರಮ್ಮ ಹೋದ ಮೇಲೆ ಇವರು ನೀರಿನ ತೊಟ್ಟಿಯ ಅಂಚಿಗೆ ಕೂತು ಕೇಳಿದರು: “ನಿನಗೆ ಗೊತ್ತಿತ್ತಾ?”

ಮಾತು ಬಂದ್ ಇದ್ದದ್ದು ಅಲ್ಲಿಗೇ ಮುರಿಯಿತು. “ನಾಲ್ಕನೇದು ಬಗ್ಗಿಸುವಾಗಲೇ.”

“ಹೇಳಬಾರದಿತ್ತಾ?”

“ದೊಡ್ಡ ಸುತ್ತಿಗೆಗೆ ಬಾಯಿ ಎಲ್ಲಿದೆ? ಅದು ಸ್ವಲ್ಪ ಕೈ ಜೋಡಿಸುತ್ತೆ ಅಷ್ಟೇ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಾಗ ಕಿವಿ ಕೆಂಪಾಯಿತು. ನನಗೂ ನಾಚಿಕೆ. “ತಪ್ಪು ನಂದೂ ಇದೆ. ಹಟಕ್ಕೆ ಬಿದ್ದು ಮೂರು ಹಾಳು ಮಾಡಿಸಿದೆ,” ಅಂದೆ. ಆಮೇಲೆ ಎಲ್ಲಿಂದ ಧೈರ್ಯ ಬಂತೋ, “ಬಲಗಡೆ ಮೂರು ನಾನೇ ಮಾಡ್ತೀನಿ. ನೀವು ಬಡೀರಿ,” ಅಂದುಬಿಟ್ಟೆ.

ಅವರು ಎದ್ದು ಸಣ್ಣ ಸುತ್ತಿಗೆಯ ಹಿಡಿಯನ್ನು ಪಂಚೆಯಲ್ಲಿ ಒರೆಸಿ ನನ್ನ ಮುಂದೆ ಇಟ್ಟರು.

ಫೆಬ್ರವರಿ 17

ಅಡಿಗಲ್ಲಿನ ಆ ಬದಿಗೆ ನಿಂತರೆ ಕುಲುಮೆಯೇ ಬೇರೆ ಕಾಣುತ್ತದೆ. ಎಡಗೈಯಲ್ಲಿ ಇಕ್ಕಳ ಬಿಗಿಹಿಡಿದೆ. ತಟ್ಟಿದೆ. ಅವರು ಬಡಿದರು. ತಟ್ಟಿದೆ, ಬಡಿದರು. ಏನು ಹಿತ! ಆ ಹಿತದಲ್ಲಿ ಸಣ್ಣದನ್ನು ಮಲಗಿಸುವುದನ್ನೇ ಮರೆತೆ. ಅವರು ಬಡಿಯುತ್ತಲೇ ಹೋದರು. ಹಕ್ಕಿಯ ಕೊರಳು ಚಪ್ಪಟೆ.

“ನೀವು ನಿಲ್ಸಬಾರದಾ?”

“ನೀನು ಹೇಳದೆ ಹೇಗೆ ನಿಲ್ಸಲಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಗು ತಡೆಯಲಾಗಲಿಲ್ಲ. ಒಳಗಿನಿಂದ ಅತ್ತೆ, “ಹಕ್ಕಿ ಆಯ್ತಾ?” ಎಂದು ಕೂಗಿದರು.

“ಚಮಚ ಆಯ್ತು,” ಇಬ್ಬರೂ ಒಟ್ಟಿಗೇ ಹೇಳಿದೆವು.

ಫೆಬ್ರವರಿ 18

ಎರಡು ಹಕ್ಕಿ! ನನ್ನವು! ಬಲದಿಂದ ಎಡಕ್ಕೆ ನೋಡುವ ಎರಡು ಹಕ್ಕಿ!

ಅವರ ಏಟು ಅರ್ಧ ಕ್ಷಣ ತಡ. ಬೆಳಗ್ಗೆ ಹತ್ತಕ್ಕೇ ಉಸ್ ಉಸ್. ಸಂಜೆ ಸುತ್ತಿಗೆಯನ್ನು ತಕ್ಕಡಿಗೆ ಹಾಕಿ ತೂಗಿದರು.

“ಐದು ಕೆಜಿ ಮುನ್ನೂರು ಗ್ರಾಂ. ಹತ್ತೊಂಬತ್ತು ವರ್ಷಾನೂ ಇದೇನಾ?”

“ಇನ್ನೇನು, ದಿನಕ್ಕೊಂದು ತರ್ತಿದ್ರಾ?”

ಅತ್ತೆ ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತ, “ನಿಮ್ಮಪ್ಪನ ಎದುರು ನಾನು ದೊಡ್ಡ ಸುತ್ತಿಗೆ ಬೀಸ್ತಿದ್ದಾಗ ನೀನು ಹೊಟ್ಟೇಲಿದ್ದೆ. ಅದಕ್ಕೇ ನಿನ್ನ ತಲೆ ಇಷ್ಟು ಗಟ್ಟಿ,” ಅಂದರು. ಇದು ಅವರಿಗೆ ಹೊಸ ಸುದ್ದಿ. ಎಣ್ಣೆಯ ಬಟ್ಟಲನ್ನು ಅತ್ತೆಯ ಕೈಯಿಂದ ತಾವೇ ತೆಗೆದುಕೊಂಡರು.

ಫೆಬ್ರವರಿ 20, ಮಧ್ಯಾಹ್ನ

ಮೂರನೆಯ ಹಕ್ಕಿ ನಿನ್ನೆ ಮುಗಿಯಿತು, ಇವತ್ತು ಬಾಗಿಲು ಕೂತಿತು. ಮೂರು ಅತ್ತ, ಮೂರು ಇತ್ತ, ಆರೂ ಮುಖಾಮುಖಿ. ಕಿರುಬೆರಳಲ್ಲಿ ತಳ್ಳಿದರೂ ಸಾಕು, ಸದ್ದಿಲ್ಲದೆ ತಿರುಗುತ್ತದೆ.

ನನ್ನ ಹಕ್ಕಿಗಳ ಕೊರಳು ಒಂದು ನೂಲಿನಷ್ಟು ಹೆಚ್ಚು ಉದ್ದ. ಏನೋ ಕೇಳುತ್ತಿರುವ ಹಾಗಿವೆ. ಡಾಕ್ಟರಮ್ಮ ಹತ್ತಿರ ಹೋಗಿ ನೋಡಿದರು. ಹಲ್ಲು ನೋಡಿ ನೋಡಿ ಪಳಗಿದ ಕಣ್ಣು, ಬಿಡುತ್ತದೆಯೇ?

“ಬಲಗಡೆಯವು ಬೇರೆ ಯಾರದೋ ಕೈಕೆಲಸ ಅಲ್ವಾ?”

ಬಡಗಿ ಇದ್ದ, ಬಣ್ಣದವನು ಇದ್ದ, ಕ್ಲಿನಿಕ್‌ನ ನರ್ಸ್ ಇದ್ದರು. ನಾನು ನೆಲ ನೋಡಿದೆ.

“ಇವಳದ್ದು ಮೇಡಂ,” ಅಂದರು ಇವರು. “ನಾನು ಸ್ವಲ್ಪ ಕೈ ಜೋಡಿಸ್ದೆ ಅಷ್ಟೇ.”

ಕಣ್ಣಲ್ಲಿ ನೀರು ಬಂತು. ಪೇಂಟ್ ವಾಸನೆಗೆ ಅಂದೆ. ನೋಟ್‌ಬುಕ್‌ಗೇಕೆ ಸುಳ್ಳು, ಖುಷಿಗೆ.

ಫೆಬ್ರವರಿ 23, ಬೆಳಗ್ಗೆ

ನರ್ಸ್ ತಮ್ಮ ಮನೆಗೂ ಒಂದು ಚಿಲಕ ಬೇಕು ಅಂದಿದ್ದಾರೆ. ಹಕ್ಕಿ ಇರಲೇಬೇಕಂತೆ. ಇವತ್ತು ಶುರು.

ಇಲ್ಲಿ ಬರೆಯಲು ಏನೂ ಉಳಿಯುತ್ತಿಲ್ಲ. ಎಲ್ಲವನ್ನೂ ಅವರಿಗೇ ಹೇಳಿ ಮುಗಿಸುತ್ತೇನೆ. ಬಾಯಿಗೆ ಬೀಗ ಇದ್ದಾಗಲೇ ಚೆನ್ನಾಗಿತ್ತು ಎಂದು ಅತ್ತೆ ಗೊಣಗುತ್ತಾರೆ.

ಕುಲುಮೆಯಿಂದ ಎರಡು ಏಟು. ಕರೆಯುತ್ತಿದ್ದಾರೆ. ಬಂದೆ ಇರಿ, ದೊಡ್ಡದನ್ನು ಎಲ್ಲಿಟ್ಟೆ ನಾನು...

ಮತ್ತೆ ಎರಡು. ಆದರೆ ಇದು ಸಣ್ಣದರ ಟಿಣ್ ಟಿಣ್ ಅಲ್ಲ. ಧಣ್, ಧಣ್. ದೊಡ್ಡದು. ಅವರು ನನ್ನ ಬದಿಗೆ ನಿಂತು ದೊಡ್ಡದರಿಂದಲೇ ನನ್ನನ್ನು— ಅಂದರೆ ಸಣ್ಣದು ನನಗೆ— ಕಬ್ಬಿಣ ಕಾದಿದೆ, ಆರುವ ಮೊದಲು—